ಇಪ್ಪತ್ತನಾಲ್ಕು ಗಂಟೆಯ ಸೂಟು

ಹಾಂಗ್‌ಕಾಂಗ್ ದ್ವೀಪದ ಕಡೆಯಿಂದ ಹಸಿರು-ಬಿಳಿ ಬಣ್ಣದ ಸ್ಟಾರ್ ಫೆರಿ ಹತ್ತಿದರೆ ಸುಮಾರು ಹತ್ತು ನಿಮಿಷದಲ್ಲಿ ಎದುರು ದಡದ ಚಿಮ್ ಶಾ ಚೂಯಿ ತಲುಪಬಹುದು. ಈ ಫೆರಿಯ ಮೂಲಪುರುಷ ಒಬ್ಬ ಭಾರತೀಯನೆಂಬುದು ಅಲ್ಲಿಗೆ ಹೋದವರಲ್ಲೂ ಬಹಳ ಮಂದಿಗೆ ತಿಳಿದಿರುವುದಿಲ್ಲ. ದೊರಾಬ್ಜಿ ನವರೋಜಿ ಎಂಬ ಪಾರ್ಸಿ ವ್ಯಾಪಾರಿ 1888ರಲ್ಲಿ ಇದನ್ನು ಆರಂಭಿಸಿದ. ದಡದಲ್ಲಿ ಇಳಿದ ಕೂಡಲೇ ಕಾಣುವುದು 44 ಮೀಟರ್ ಎತ್ತರದ ಗಡಿಯಾರ ಗೋಪುರ. ಹಳೆಯ ರೈಲು ನಿಲ್ದಾಣವನ್ನು 1978ರಲ್ಲಿ ಕೆಡವಿದಾಗ ಇದನ್ನು ಮಾತ್ರ ಅದೇ ಜಾಗದಲ್ಲಿ ಉಳಿಸಿಕೊಂಡರು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ನೇಥನ್ ರಸ್ತೆ.

ಈ ರಸ್ತೆಯಲ್ಲಿ ಪ್ರವಾಸಿ ಒಂಟಿಯಾಗಿ ಹೆಚ್ಚು ದೂರ ನಡೆಯಲಾರ. ಮೂಲೆ ಮೂಲೆಯಲ್ಲೂ ನಿಂತಿರುವ ಯಾರಾದರೊಬ್ಬರು ಕೈಗೊಂದು ಚೀಟಿ ತುರುಕಿ ಪಕ್ಕದಲ್ಲೇ ಹೆಜ್ಜೆ ಹಾಕತೊಡಗುತ್ತಾರೆ. “ಸೂಟ್ ಸರ್? ಟೇಲರ್ ಸರ್? ನಾಳೆ ಸಂಜೆಗೆ ರೆಡಿ!” ಮುಖ ಭಾರತದ್ದೆಂದು ಕಂಡರೆ ಮಾತು ಹಿಂದಿಗೆ ತಿರುಗುತ್ತದೆ. ಅವರ ಹಿಂದೆ ಹೋದರೆ ಯಾವುದೋ ಕಟ್ಟಡದ ಒಳಸಾಲಿನಲ್ಲಿ ಹತ್ತಡಿ ಅಗಲದ ಅಂಗಡಿ, ಗೋಡೆ ತುಂಬ ಬಟ್ಟೆಯ ಥಾನು, ಕುತ್ತಿಗೆಗೆ ಟೇಪು ಹಾಕಿಕೊಂಡ ನಗುಮುಖದ ಯಜಮಾನರು. ಅವರು ಬಹುಪಾಲು ಸಿಂಧಿಗಳು.

ಚೀನದ ಅಂಚಿನ ಈ ನಗರಕ್ಕೂ ಸಿಂಧಿಗಳಿಗೂ ಎತ್ತಣ ಸಂಬಂಧ ಎನಿಸಬಹುದು. ಸಿಂಧ್ ಪ್ರಾಂತದ ಹೈದರಾಬಾದಿನ ವರ್ತಕರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲೇ ರೇಷ್ಮೆ, ಕಸೂತಿ, ಕರಕುಶಲ ವಸ್ತುಗಳನ್ನು ಹೊತ್ತು ಬಂದರಿನಿಂದ ಬಂದರಿಗೆ ಹೋಗಿ ಅಂಗಡಿ ತೆರೆದಿದ್ದರು. ಈಜಿಪ್ಟಿನಿಂದ ಜಪಾನಿನವರೆಗೆ ಅವರ ಜಾಲ ಹರಡಿತ್ತು. 1947ರಲ್ಲಿ ದೇಶ ಇಬ್ಭಾಗವಾದಾಗ ಸಿಂಧ್ ಇಡಿಯಾಗಿ ಪಾಕಿಸ್ತಾನಕ್ಕೆ ಸೇರಿತು. ಪಂಜಾಬಿಗಳಿಗೆ, ಬಂಗಾಳಿಗಳಿಗೆ ಗಡಿಯ ಈಚೆ ಅರ್ಧ ನಾಡಾದರೂ ಉಳಿಯಿತು. ಸಿಂಧಿ ಹಿಂದೂಗಳಿಗೆ ಒಂದು ತಾಲ್ಲೂಕೂ ಉಳಿಯಲಿಲ್ಲ. ಊರು ಕಳೆದುಕೊಂಡವರಲ್ಲಿ ಕೆಲವರು ಹಡಗು ಹತ್ತಿ, ಬಂಧುಗಳು ಮೊದಲೇ ನೆಲೆಸಿದ್ದ ಬಂದರುಗಳಿಗೆ ಬಂದರು. ಹಾಂಗ್‌ಕಾಂಗ್ ಅವುಗಳಲ್ಲೊಂದು. ಅಧ್ಯಕ್ಷರಿಂದ ಹಿಡಿದು ಪಾಪ್ ಗಾಯಕರವರೆಗೆ ಹೆಸರಾಂತರು ಮೆಟ್ಟಿಲೇರಿರುವ ಸ್ಯಾಮ್ಸ್ ಟೇಲರ್ 1957ರಲ್ಲಿ ಆರಂಭವಾದದ್ದು ಇದೇ ಸಿಂಧಿ ಸಮುದಾಯದ ಒಂದು ಮನೆತನದಿಂದ. ಮೊದಲಿಗೆ ಅವರ ಗಿರಾಕಿಗಳು ಬ್ರಿಟಿಷ್ ಪಡೆಯ ಸಿಪಾಯಿಗಳು!

ಆದರೆ ಅಳತೆ ತೆಗೆಯುವ ಕೈ ಬೇರೆ, ಹೊಲಿಯುವ ಕೈ ಬೇರೆ. ಇಲ್ಲಿ ಇನ್ನೊಂದು ವಲಸೆಯ ಕಥೆಯಿದೆ. 1843ರಲ್ಲಿ ಶಾಂಘೈ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡಿತು. ಅಲ್ಲಿಗೆ ಬಂದಿಳಿದ ಯುರೋಪಿಯನ್ನರಿಗೆ ಕೋಟು ಹೊಲಿಯಲು ಕಲಿತವರು ಹತ್ತಿರದ ನಿಂಗ್‌ಬೋ ಪ್ರದೇಶದ ದರ್ಜಿಗಳು. ‘ಕೆಂಗೂದಲಿನವರಿಗೆ’ ಹೊಲಿಯುವವರೆಂದು ಇವರಿಗೆ ‘ಕೆಂಪು ತಂಡ’ ಎಂಬ ಹೆಸರು ಬಂತೆಂದು ಹೇಳುತ್ತಾರೆ. 1949ರ ಕಮ್ಯುನಿಸ್ಟ್ ಕ್ರಾಂತಿಯ ಹೊತ್ತಿಗೆ ಇವರಲ್ಲಿ ಅನೇಕರು ಕತ್ತರಿ, ಇಸ್ತ್ರಿ ಕಟ್ಟಿಕೊಂಡು ಹಾಂಗ್‌ಕಾಂಗಿಗೆ ಬಂದರು. ಹೀಗೆ ಎರಡು ವರ್ಷಗಳ ಅಂತರದಲ್ಲಿ ಊರು ಬಿಟ್ಟ ಎರಡು ಜನ ಒಂದೇ ರಸ್ತೆಯಲ್ಲಿ ಸಂಧಿಸಿದರು. ಒಬ್ಬರಿಗೆ ಇಂಗ್ಲಿಷ್ ಗೊತ್ತು, ಗಿರಾಕಿಯನ್ನು ಒಲಿಸುವುದು ಗೊತ್ತು; ಇನ್ನೊಬ್ಬರಿಗೆ ಸೂಜಿ ಗೊತ್ತು. ಜೊತೆಗೆ ಹಾಂಗ್‌ಕಾಂಗ್ ಮುಕ್ತ ಬಂದರು. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಿಂದಲೋ ಇಟಲಿಯ ಬಿಯೆಲ್ಲಾದಿಂದಲೋ ಬರುವ ಉಣ್ಣೆ ಬಟ್ಟೆಗೆ ಸುಂಕವಿಲ್ಲ.

ಹಾಗಾದರೆ ಇಪ್ಪತ್ತನಾಲ್ಕು ಗಂಟೆಯ ಅವಸರ ಎಲ್ಲಿಂದ ಬಂತು? ಅದು ದರ್ಜಿಯ ಅವಸರವಲ್ಲ, ಗಿರಾಕಿಯದು. 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧದಿಂದ ಅಮೆರಿಕದ ಯೋಧರು ಕೆಲವೇ ದಿನಗಳ ರಜೆಯ ಮೇಲೆ ಇಲ್ಲಿಗೆ ಬರುತ್ತಿದ್ದರು. ಜೇಬಿನಲ್ಲಿ ಸಂಬಳ, ಬೆನ್ನ ಹಿಂದೆ ಯುದ್ಧ. ವಾರದ ನಂತರ ಬನ್ನಿ ಎಂದರೆ ಬರುವವರು ಯಾರು? ಸಮವಸ್ತ್ರ ಕಳಚಿ ಒಳ್ಳೆಯ ಸೂಟು ತೊಟ್ಟು ಒಂದು ಫೋಟೊ ತೆಗೆಸಿಕೊಂಡು ಮನೆಗೆ ಕಳಿಸಬೇಕೆಂಬ ಹತ್ತೊಂಬತ್ತರ ಹುಡುಗನಿಗೆ ನಾಳೆಯೇ ಸೂಟು ಬೇಕು. ಆಮೇಲೆ ಪ್ರವಾಸಿಗಳು ಬಂದರು. 1998ರವರೆಗೆ ವಿಮಾನಗಳು ಇಳಿಯುತ್ತಿದ್ದ ಕೈ ಟಕ್ ನಿಲ್ದಾಣ ಇದೇ ಕೌಲೂನಿನಲ್ಲಿ ಇದ್ದುದರಿಂದ, ಒಂದು ರಾತ್ರಿ ತಂಗಿ ಮುಂದೆ ಹೋಗುವವರೂ ಅಳತೆ ಕೊಡತೊಡಗಿದರು.

ಈಗ ಸ್ವಲ್ಪ ಲೆಕ್ಕ ಮಾಡಿ ನೋಡಬೇಕು. ಸೂಟಿನ ಕಾಶಿ ಎನ್ನಬಹುದಾದ ಲಂಡನ್ನಿನ ಸೆವಿಲ್ ರೋ ಬೀದಿಯಲ್ಲಿ, ಅಳತೆಗೆ ಹೊಲಿದ ಒಂದು ಸೂಟಿಗೆ ಕನಿಷ್ಠ 50 ಗಂಟೆಗಳ ಕೈಕೆಲಸ ಹಿಡಿಯುತ್ತದೆಂಬುದು ಅಲ್ಲಿನ ದರ್ಜಿಗಳ ಲೆಕ್ಕ. 24ರಲ್ಲಿ 50 ಹೋಗುವುದು ಹೇಗೆ? ದಾರಿ ಎರಡು. ಒಂದು, ಕೆಲಸವನ್ನು ಹಂಚುವುದು: ಕೋಟು ಒಬ್ಬನಿಗೆ, ಪ್ಯಾಂಟು ಇನ್ನೊಬ್ಬನಿಗೆ, ಕಾಜಾ ಮತ್ತೊಬ್ಬನಿಗೆ, ಊರು ಮಲಗಿದಾಗ ಅವರೆಲ್ಲ ಎಚ್ಚರ. ಎರಡನೆಯದು, ಕಣ್ಣಿಗೆ ಕಾಣದ ಕೆಲಸವನ್ನು ಬಿಟ್ಟುಬಿಡುವುದು. ಗಿರಾಕಿ ಗಮನಿಸಬೇಕಾದದ್ದು ಈ ಎರಡನೆಯದನ್ನು.

ಕೋಟಿನ ಎದೆಭಾಗದಲ್ಲಿ ಹೊರಬಟ್ಟೆಗೂ ಅಸ್ತರಿಗೂ ನಡುವೆ ಮೂರನೆಯ ಒಂದು ಪದರ ಇರುತ್ತದೆ. ದರ್ಜಿಗಳು ಅದನ್ನು ಕ್ಯಾನ್ವಾಸ್ ಎನ್ನುತ್ತಾರೆ. ಒಳ್ಳೆಯ ಕೋಟಿನಲ್ಲಿ ಅದು ಉಣ್ಣೆ ಮತ್ತು ಕುದುರೆ ಕೂದಲು ಸೇರಿಸಿ ನೇಯ್ದದ್ದು. ನೂರಾರು ಸಡಿಲ ಹೊಲಿಗೆಗಳಿಂದ ಅದನ್ನು ಹೊರಬಟ್ಟೆಗೆ ಹಿಡಿಸಿರುತ್ತಾರೆ. ಕುದುರೆ ಕೂದಲು ಬಾಗಿದರೂ ಮತ್ತೆ ನೆಟ್ಟಗಾಗುವುದರಿಂದ ಕೋಟಿನ ಎದೆ ವರ್ಷಗಟ್ಟಲೆ ಮುದುಡುವುದಿಲ್ಲ. ಈ ಹೊಲಿಗೆಗೆ ಗಂಟೆಗಟ್ಟಲೆ ಸಮಯ ಬೇಕು. ಅವಸರದ ಸೂಟಿನಲ್ಲಿ ಅದರ ಬದಲು ಅಂಟು ಬಳಿದ ಪದರವನ್ನು ಬಿಸಿ ಒತ್ತಿ ಅಂಟಿಸುತ್ತಾರೆ, ನಿಮಿಷಗಳ ಕೆಲಸ. ಹೊಸದರಲ್ಲಿ ಎರಡಕ್ಕೂ ವ್ಯತ್ಯಾಸ ತಿಳಿಯದು. ಅಂಟಿಸಿದ್ದು ಚೆನ್ನಾಗಿಲ್ಲದಿದ್ದರೆ ಹಲವು ಸಲ ಡ್ರೈಕ್ಲೀನಿಂಗ್‌ಗೆ ಹೋಗಿ ಬಂದ ಮೇಲೆ ಅಂಟು ಬಿಟ್ಟು, ಎದೆಯ ಮೇಲೆ ದೋಸೆಯಂತೆ ಗುಳ್ಳೆ ಏಳುತ್ತದೆ. ಪತ್ತೆ ಹಚ್ಚುವ ಉಪಾಯ ಸುಲಭ. ಕೆಳಗಿನ ಗುಂಡಿಯ ಬಳಿ ಹೊರಬಟ್ಟೆಯನ್ನೂ ಅಸ್ತರನ್ನೂ ಎರಡು ಬೆರಳಲ್ಲಿ ಚಿವುಟಿ ಬೇರೆ ಬೇರೆಯಾಗಿ ಎಳೆಯಬೇಕು. ನಡುವೆ ಮೂರನೆಯ ಪದರ ಸಡಿಲವಾಗಿ ಜಾರಿದರೆ ಕ್ಯಾನ್ವಾಸ್ ಹೊಲಿದದ್ದು, ಇಲ್ಲದಿದ್ದರೆ ಅಂಟು.

ಇನ್ನು ಬಟ್ಟೆಯನ್ನು ಮೈಗೆ ಹೊಂದಿಸುವ ವಿಷಯ. ಗೋಳದ ಮೇಲ್ಮೈಯನ್ನು ವಿರೂಪಗೊಳಿಸದೆ ಹಾಳೆಯ ಮೇಲೆ ಹರಡಲಾಗದು ಎಂಬುದು ಗಣಿತಜ್ಞ ಗೌಸ್ 1827ರಲ್ಲಿ ತೋರಿಸಿಕೊಟ್ಟ ಸತ್ಯ. ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ದೈತ್ಯನಾಗಿ ಕಾಣುವುದು ಇದರಿಂದಲೇ. ದರ್ಜಿಯ ಕಷ್ಟ ಇದರ ತಿರುವುಮುರುವು: ಚಪ್ಪಟೆ ಬಟ್ಟೆ ಎದೆ, ಭುಜ, ಬೆನ್ನುಗಳ ಉಬ್ಬುತಗ್ಗಿಗೆ ಕೂರಬೇಕು. ಅವನು ಅಲ್ಲಲ್ಲಿ ಡಾರ್ಟ್ ಹಿಡಿಯುತ್ತಾನೆ. ಉಳಿದದ್ದನ್ನು ಹಬೆ ಮತ್ತು ಇಸ್ತ್ರಿಯಿಂದ ಸಾಧಿಸುತ್ತಾನೆ. ಉಣ್ಣೆ ಎಂದರೆ ಕೆರಾಟಿನ್, ನಮ್ಮ ಕೂದಲಿನದೇ ಪ್ರೋಟೀನು. ಒದ್ದೆ ತಲೆಯಲ್ಲಿ ಮಲಗಿ ಎದ್ದರೆ ಕೂದಲು ದಿಂಬು ಒತ್ತಿದ ಆಕಾರಕ್ಕೇ ನಿಂತಿರುತ್ತದಲ್ಲವೆ? ತೇವ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ, ಒಣಗುವಾಗ ಅವು ಹೊಸ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ನಿಂಗ್‌ಬೋ ದರ್ಜಿಗಳು ರಸಾಯನಶಾಸ್ತ್ರ ಓದಿದವರಲ್ಲ. ಆದರೂ ಈ ಗುಟ್ಟನ್ನು ಕೈಯಲ್ಲಿಟ್ಟುಕೊಂಡಿದ್ದರು.

ಪಾಲಿಯೆಸ್ಟರ್ ಹೀಗೆ ಮಣಿಯುವುದಿಲ್ಲ. ಪ್ರವಾಸಿ ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಥಾನಿನ ಅಂಚಿನಲ್ಲಿ ‘ಸೂಪರ್ 150’ ಎಂದು ನೇಯ್ದಿರುತ್ತದೆ. ಈ ಸಂಖ್ಯೆಗೆ ನಿಜವಾದ ಅರ್ಥವಿದೆ. ಅದು ಎಳೆಯ ದಪ್ಪವನ್ನು ಹೇಳುತ್ತದೆ. ಅಂತರರಾಷ್ಟ್ರೀಯ ಉಣ್ಣೆ ಜವಳಿ ಸಂಸ್ಥೆಯ ನಿಯಮದಂತೆ ಸೂಪರ್ 100ರ ಎಳೆ 18.75 ಮೈಕ್ರಾನ್ ಮೀರುವಂತಿಲ್ಲ, ಸೂಪರ್ 150ರದು 16.25 ಮೈಕ್ರಾನ್. ಸಂಖ್ಯೆ ದೊಡ್ಡದಾದಷ್ಟೂ ಬಟ್ಟೆ ನಯ, ಆದರೆ ಬಾಳಿಕೆ ಕಡಿಮೆ. ದಿನವೂ ತೊಡುವವರಿಗೆ 100 ಅಥವಾ 110 ಸಾಕು. ಆದರೆ ಅಂಚಿನಲ್ಲಿ ಏನು ಬೇಕಾದರೂ ನೇಯಬಹುದಲ್ಲ! ಅನುಮಾನವಿದ್ದರೆ ಅಂಚಿನಿಂದ ಒಂದೆರಡು ದಾರ ಕೇಳಿ ಪಡೆದು ಚಿಮುಟದಲ್ಲಿ ಹಿಡಿದು ಸುಡಬೇಕು. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬಂದು, ಬೆಂಕಿ ತೆಗೆದೊಡನೆ ಆರಿ, ಬೆರಳಿಗೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಕ್ಕಳು ಇದನ್ನು ಮನೆಯಲ್ಲಿ ಹಳೆಯ ಬಟ್ಟೆಯ ದಾರದಿಂದ ಮಾಡಿ ನೋಡಬಹುದು, ದೊಡ್ಡವರು ಪಕ್ಕದಲ್ಲಿದ್ದರೆ.

ಸೋಜಿಗವೆಂದರೆ, ನಾಳೆ ಸಂಜೆಗೆ ಕೊಡುತ್ತೇವೆಂದು ಕೂಗುವ ಅದೇ ಬೀದಿಯಲ್ಲಿ ಅತ್ಯುತ್ತಮ ಕೋಟೂ ಸಿಗುತ್ತದೆ. ಬಂದ ದಿನವೇ ಅಳತೆ ಕೊಟ್ಟು ಐದಾರು ದಿನ ಊರಲ್ಲಿರುವ ಗಿರಾಕಿ ಬೇರೆಯೇ ಮರ್ಯಾದೆ ಪಡೆಯುತ್ತಾನೆ. ಕಚ್ಚಾ ಹೊಲಿಗೆ ಹಾಕಿದ, ತೋಳು ಇನ್ನೂ ಪೂರ್ತಿ ಕೂಡದ ಕೋಟನ್ನು ತೊಡಿಸಿ, ಬಿಳಿ ಚಾಕಿನಲ್ಲಿ ಗುರುತು ಹಾಕಿ, ಬಿಚ್ಚಿ, ಮತ್ತೆ ಹೊಲಿಯುತ್ತಾರೆ. ಬಲಭುಜ ಎಡಕ್ಕಿಂತ ತುಸು ತಗ್ಗೆಂಬುದು, ಬೆನ್ನು ಸ್ವಲ್ಪ ಬಾಗಿದೆಯೆಂಬುದು ಟೇಪಿಗೆ ತಿಳಿಯದು. ಈ ಪರೀಕ್ಷೆಯಲ್ಲಿ ತಿಳಿಯುತ್ತದೆ. ಬೆಲೆ ಹೆಚ್ಚು, ನಿಜ. ಮುಂಗಡ ಕೊಡುವ ಮೊದಲು ಎಷ್ಟು ಸಲ ತೊಡಿಸಿ ನೋಡುತ್ತಾರೆ, ಕ್ಯಾನ್ವಾಸ್ ಹೊಲಿದದ್ದೋ ಅಂಟಿಸಿದ್ದೋ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಈ ಎರಡು ಪ್ರಶ್ನೆ ಕೇಳಿದೊಡನೆ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ.

ಓದಲು ಹೊರದೇಶಕ್ಕೆ ಹೋಗುವ ಮಗನಿಗೋ ಮಗಳಿಗೋ ದಾರಿಯಲ್ಲಿ ಸೂಟು ಹೊಲಿಸುವ ತಂದೆತಾಯಿಗಳು ಇನ್ನೊಂದನ್ನೂ ಕೇಳಬೇಕು. “ಬೆಳೆಯೋ ಮಕ್ಕಳು, ಒಳಗೆ ಸ್ವಲ್ಪ ಬಟ್ಟೆ ಬಿಡಿ” ಎಂದು ನಮ್ಮ ತಾಯಂದಿರು ಊರ ದರ್ಜಿಗೆ ಹೇಳುವ ಮಾತು ನೇಥನ್ ರಸ್ತೆಯಲ್ಲೂ ಸಲ್ಲುತ್ತದೆ. ಒಳ್ಳೆಯ ಕೈಕೆಲಸದ ಕೋಟಿನ ಹೊಲಿಗೆಯೊಳಗೆ ಬೆರಳಗಲದ ಬಟ್ಟೆ ಇರುತ್ತದೆ, ಬಿಚ್ಚಿ ಹಿಗ್ಗಿಸಬಹುದು. ಅವಸರದ ಕೋಟಿನಲ್ಲಿ ಅದನ್ನು ಕತ್ತರಿಸಿ ಎಸೆದಿರುತ್ತಾರೆ.

ಶಾಂಘೈನಿಂದ ಬಂದ ಆ ತಲೆಮಾರು ಈಗ ಮುಗಿದಿದೆ. ಅವರ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು. ಅಪ್ಪ ಕಣ್ಣು ಸವೆಸಿಕೊಂಡ ಕೆಲಸವನ್ನು ಮಗ ಬೇಡವೆಂದರೆ ತಪ್ಪು ಎನ್ನುವವರು ಯಾರು? ಇಂದು ಹಲವು ಅಂಗಡಿಗಳಲ್ಲಿ ತೆಗೆದ ಅಳತೆ ಗಡಿಯಾಚೆಯ ಶೆನ್‌ಜೆನ್ ನಗರಕ್ಕೆ ಹೋಗಿ, ಹೊಲಿದ ಬಟ್ಟೆ ಅಲ್ಲಿಂದ ಬರುತ್ತದೆ. ಹೊಲಿದವನು ಗಿರಾಕಿಯನ್ನು ಕಂಡಿರುವುದೇ ಇಲ್ಲ.

ಇನ್ನು ಕೆಲವು ಅಂಗಡಿಗಳವರು ಗಿರಾಕಿ ಬರಲೆಂದು ಕಾಯದೆ ತಾವೇ ಹೊರಡುತ್ತಾರೆ. ಪೆಟ್ಟಿಗೆ ತುಂಬ ಬಟ್ಟೆಯ ತುಂಡುಗಳು, ಒಂದು ಟೇಪು, ಹಳೆಯ ಗಿರಾಕಿಗಳ ಅಳತೆಯ ಪುಸ್ತಕ. ಲಂಡನ್ನಿನಲ್ಲಿ, ಅಮೆರಿಕದ ನಗರಗಳಲ್ಲಿ ಹೋಟೆಲಿನ ಕೋಣೆ ಹಿಡಿದು ಎರಡು ದಿನ ಅಳತೆ ತೆಗೆದು, ಮುಂದಿನ ಊರಿಗೆ ವಿಮಾನ ಹತ್ತುತ್ತಾರೆ. ನೂರು ವರ್ಷಗಳ ಹಿಂದೆ ಸಿಂಧಿನ ಹೈದರಾಬಾದಿನಿಂದ ಹಡಗು ಹತ್ತಿದವರ ಕೈಯಲ್ಲೂ ಇದ್ದದ್ದು ಇಂಥದೇ ಬಟ್ಟೆಯ ಗಂಟು.