ವಡಕರದ ಹಾದಿಯಲ್ಲಿ ಒಂದು ಇರುಳು

ಕಳೆದ ಫಾಲ್ಗುಣದಲ್ಲಿ ನಾವು ಮನೆಮಂದಿಯೆಲ್ಲ ಸೇರಿ ಮಂಗಳೂರಿನಿಂದ ಕೋಳಿಕ್ಕೋಡಿಗೆ ಸಮುದ್ರತೀರದ ಹೆದ್ದಾರಿಯಲ್ಲಿ ಪ್ರಯಾಣ ಹೊರಟೆವು. ಬಾಡಿಗೆಗೆ ಹಿಡಿದ ವಾಹನವು ಕ್ಯಾರವಾನ್ ಎಂಬ ಚಲಿಸುವ ಮನೆ. ಮಂಚ, ಒಲೆ, ಸ್ನಾನದ ಕೊಠಡಿ, ಗಾಳಿಯನ್ನು ತಂಪುಗೊಳಿಸುವ ಎ.ಸಿ. ಯಂತ್ರ, ಯಾವುದಕ್ಕೂ ಕೊರತೆಯಿರಲಿಲ್ಲ. ನಮ್ಮ ತಾಯಿಯವರು ಅದನ್ನು ಕಂಡು, "ಇದು ಪುಷ್ಪಕ ವಿಮಾನವೇ ಸರಿ" ಎಂದು ನಕ್ಕರು.

ನೇತ್ರಾವತಿಯ ಸೇತುವೆಯನ್ನು ದಾಟಿ, ತಲಪಾಡಿಯ ಗಡಿಯನ್ನು ಕಳೆದು, ಗೋವಿಂದ ಪೈಗಳವರ ಮಂಜೇಶ್ವರದಲ್ಲಿ ಅರೆಗಳಿಗೆ ನಿಂತು ಮುಂದೆ ನಡೆದೆವು. ಕಾಸರಗೋಡಿನ ಬಳಿ ಚಂದ್ರಗಿರಿ ಹೊಳೆಯು ಸಮುದ್ರವನ್ನು ಸೇರುವ ನೋಟವು ಮನೋಹರವಾಗಿತ್ತು. ಮಧ್ಯಾಹ್ನ ಕೆಳದಿಯ ಅರಸರು ಕಟ್ಟಿಸಿದ ಬೇಕಲದ ಕೋಟೆಯನ್ನು ಹತ್ತಿ ಅಲೆಗಳ ಆಟವನ್ನು ನೋಡಿದೆವು. ಒಂದು ಕಾಲದಲ್ಲಿ ಫ್ರೆಂಚರ ವಶದಲ್ಲಿದ್ದ ಮಾಹೆಯನ್ನು ದಾಟಿ ವಡಕರವನ್ನು ಮುಟ್ಟುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು.

ಅಲ್ಲಿ ಚಹದಂಗಡಿಯ ಮುದುಕರೊಬ್ಬರು ನಮ್ಮ ವಾಹನವನ್ನು ಕಂಡು ಮೌನವಾದರು. ಕಾರಣವನ್ನು ಕೇಳಲಾಗಿ, 2024ನೆಯ ಇಸವಿಯ ಡಿಸೆಂಬರಿನಲ್ಲಿ ನಡೆದ ದುರಂತವನ್ನು ನೆನಪಿಸಿದರು. ಇದೇ ಊರಿನ ಹೆದ್ದಾರಿಯ ಬದಿಯಲ್ಲಿ ನಿಂತಿದ್ದ ಇಂತಹದೇ ಒಂದು ಕ್ಯಾರವಾನಿನಲ್ಲಿ ಇಬ್ಬರು ಮೃತರಾಗಿ ಕಂಡುಬಂದಿದ್ದರು. ಮೈಮೇಲೆ ಗಾಯವಿರಲಿಲ್ಲ. ಬಳಿಕ ಕೋಳಿಕ್ಕೋಡಿನ ಎನ್.ಐ.ಟಿ.ಯ ತಜ್ಞರು ಅದೇ ವಾಹನದಲ್ಲಿ ಜನರೇಟರನ್ನು ನಡೆಯಿಸಿ ಪರೀಕ್ಷಿಸಿದರು. ಅದರ ಹೊಗೆಯು ನೆಲದ ರಂಧ್ರದಿಂದ ಒಳನುಗ್ಗಿ, ಎರಡು ಗಂಟೆಗಳೊಳಗೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 957 ಭಾಗದಷ್ಟು ಕಾರ್ಬನ್ ಮಾನಾಕ್ಸೈಡ್ ತುಂಬಿತ್ತು.

ಈ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ಕಣ್ಣನ್ನು ಉರಿಸುವುದಿಲ್ಲ, ಕೆಮ್ಮನ್ನು ತರಿಸುವುದಿಲ್ಲ. ನಮ್ಮ ರಕ್ತವು ಪ್ರಾಣವಾಯುವಿಗಿಂತ 200 ಮಡಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ಪ್ರಯಾಣದ ಆಯಾಸವೆಂದು ಮಲಗಿದವನು ಏಳುವುದೇ ಇಲ್ಲ.

ಆ ರಾತ್ರಿ ಸೆಕೆ ಬಹಳವಾಗಿತ್ತು. ಡ್ರೈವರ್ ತರುಣನು, "ಅಮ್ಮಾ, ಜನರೇಟರ್ ಹಚ್ಚಿ ಎ.ಸಿ. ಹಾಕುತ್ತೇನೆ, ಮಕ್ಕಳು ಸುಖವಾಗಿ ಮಲಗಲಿ" ಎಂದನು. ನಮ್ಮ ತಾಯಿಯವರು ತಡೆದರು. "ಬೇಡ ಮಗಾ. ಬಾಣಂತಿಯ ಕೋಣೆಗೆ ಕೆಂಡದ ಅಗ್ಗಿಷ್ಟಿಕೆಯನ್ನು ಇಟ್ಟರೆ ನಮ್ಮ ಅತ್ತೆಯವರು ಬಾಗಿಲನ್ನು ಮುಚ್ಚಗೊಡುತ್ತಿರಲಿಲ್ಲ. ಕೆಂಡವು ಉಸಿರನ್ನು ಕುಡಿಯುತ್ತದೆ ಎನ್ನುತ್ತಿದ್ದರು." ಅಕ್ಷರವನ್ನು ಅರಿಯದ ಆ ಹಿರಿಯಳ ಮಾತೂ ತಜ್ಞರ ಲೆಕ್ಕವೂ ಒಂದೇ ಎಂದು ನಮಗೆ ಆಗ ಹೊಳೆಯಿತು.

ಯಂತ್ರವನ್ನು ಮುಟ್ಟದೆ, ಕಿಟಕಿಗಳನ್ನು ತೆರೆದು, ಬೀಸಣಿಗೆಯಿಂದ ಮಕ್ಕಳಿಗೆ ಗಾಳಿ ಹಾಕುತ್ತ ಇರುಳನ್ನು ಕಳೆದೆವು. ಬೆಳಗಾದ ಮೇಲೆ ಡ್ರೈವರನು ವಾಹನದಡಿ ತೆವಳಿ ಹೋಗಿ ನೋಡಲಾಗಿ, ಹೊಗೆಕೊಳವೆಯ ಪಕ್ಕದಲ್ಲಿಯೇ ತಂತಿ ಹಾಯಿಸಿದ ತೂತೊಂದು ಬಾಯಿಬಿಟ್ಟುಕೊಂಡಿತ್ತು; ಅದನ್ನು ಮುಚ್ಚಿದ್ದ ರಬ್ಬರು ಹರಿದುಹೋಗಿತ್ತು. ಹೆಬ್ಬೆರಳು ತೂರುವಷ್ಟೇ ಅಗಲ! ನಮ್ಮ ಕಿರಿಯ ಮಗುವಿನ ಹಾಸಿಗೆಯು ಅದರ ಮೇಲೆಯೇ ಇತ್ತು. ನಾವು ಯಾರೂ ಕ್ಷಣಕಾಲ ಮಾತನಾಡಲಿಲ್ಲ.

ಕೋಳಿಕ್ಕೋಡಿನಲ್ಲಿ ತೂತನ್ನು ಮುಚ್ಚಿಸಿ, ಈ ವಾಯುವನ್ನು ಕಂಡೊಡನೆ ಕೂಗುವ ಸಣ್ಣ ಎಚ್ಚರಿಕೆ ಯಂತ್ರವೊಂದನ್ನು ಕೊಂಡು ಮಲಗುವ ಜಾಗದ ಬಳಿ ತೂಗುಹಾಕಿದೆವು. ಅಡಿಗೆ ಅನಿಲದ ಸೋರಿಕೆಯನ್ನು ಹೇಳುವ ಯಂತ್ರವು ಬೇರೆ, ಇದು ಬೇರೆ. ಕೊಳ್ಳುವಾಗ ಕೇಳಿ ತಿಳಿಯಬೇಕು. ಜನರೇಟರನ್ನು ಹಚ್ಚಿ ನಿದ್ರಿಸಲಾಗದು. ಕಿಟಕಿ ತೆರೆದಿದೆಯೆಂಬ ಧೈರ್ಯವೂ ಸಲ್ಲದು. ಚಳಿಯೆಂದು ಒಲೆಯನ್ನಾಗಲಿ ಕೆಂಡವನ್ನಾಗಲಿ ಒಳಗಿಡಬಾರದು. ಒಂದೇ ಹೊತ್ತಿಗೆ ಇಬ್ಬರು ಮೂವರಿಗೆ ತಲೆನೋವು ಬಂದರೆ ಕಾರಣವನ್ನು ಹುಡುಕುತ್ತ ಒಳಗೇ ನಿಲ್ಲದೆ, ಎಲ್ಲರೂ ಬಯಲಿಗೆ ಬಂದು, ತಡಮಾಡದೆ ಆಸ್ಪತ್ರೆಯನ್ನು ಸೇರಬೇಕು.

ಮನೆಯನ್ನು ಗಾಲಿಯ ಮೇಲೇರಿಸಿಕೊಂಡು ಹೊರಡುವ ವಾಚಕ ಬಂಧುಗಳು, ಮನೆಯ ಹಿರಿಯರ ಎಚ್ಚರವನ್ನೂ ಜತೆಗೆ ಕೊಂಡೊಯ್ಯಲಿ.