35 ನಿಮಿಷದ ವ್ಯತ್ಯಾಸ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕದ್ದು ಹುಬ್ಬಳ್ಳಿಯ ಒಂದು ಪದವಿಪೂರ್ವ ಕಾಲೇಜು. ವಿಷಯ ಗಣಕ ವಿಜ್ಞಾನ. ಯಾವ ಕಂಪ್ಯೂಟರನ್ನು ಯಾರು ಎಷ್ಟು ನಿಮಿಷ ಬಳಸಿದರು ಎಂಬ ದಾಖಲೆ ಅಲ್ಲಿನ ಪ್ರಯೋಗಾಲಯದ ಲಿನಕ್ಸ್ ಸರ್ವರ್‌ನಲ್ಲಿತ್ತು: ಸುಮಾರು 20,000 ಸಾಲು. ಅದರ ಲೆಕ್ಕ ತೆಗೆಯುವ ಶೆಲ್ ಸ್ಕ್ರಿಪ್ಟ್ ಮುಗಿಯಲು ಒಂದು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಮಕ್ಕಳ ತೀರ್ಪು ಸಿದ್ಧವಿತ್ತು: "ಮಷೀನ್ ಹಳೇದೈತ್ರಿ ಮೇಡಂ."

ಕಾರಣ ಹೇಳಿಬಿಡುವುದು ಸುಲಭ. ಅದರ ಬದಲು ‘ಟೈಮ್’ ಆಜ್ಞೆ ಸೇರಿಸಿ ಸ್ಕ್ರಿಪ್ಟ್ ಓಡಲು ಬಿಟ್ಟು, ಅಷ್ಟರಲ್ಲಿ ಅದರ ಸಾಲುಗಳನ್ನು ಕರಿಹಲಗೆಯ ಮೇಲೆ ಬರೆದು ಓದಿಸಿದೆ. ದಾಖಲೆಯ ಪ್ರತಿ ಸಾಲಿಗೂ ‘ಕಟ್’ ಎಂಬ ಪುಟ್ಟ ಪ್ರೋಗ್ರಾಂ ಅನ್ನು ಎರಡು ಸಲ ಕರೆಯಲಾಗುತ್ತಿತ್ತು; ಕಂಪ್ಯೂಟರ್ ಸಂಖ್ಯೆಗೊಮ್ಮೆ, ನಿಮಿಷಕ್ಕೊಮ್ಮೆ. ಗುಣಿಸಿ ಎಂದೆ. 40,000. ಪ್ರತಿ ಕರೆಗೂ ಆಪರೇಟಿಂಗ್ ಸಿಸ್ಟಂ ಹೊಸ ಪ್ರಕ್ರಿಯೆ ಹುಟ್ಟಿಸಬೇಕು, ಪ್ರೋಗ್ರಾಂ ತುಂಬಬೇಕು, ಮುಗಿದ ಮೇಲೆ ತೆಗೆದುಹಾಕಬೇಕು. ಕತ್ತರಿಸುವ ಕೆಲಸಕ್ಕಿಂತ ಈ ಓಡಾಟವೇ ದುಬಾರಿ. ಹಿಂದಿನ ಬೆಂಚಿನ ಹುಡುಗ, "ಒಬ್ಬೊಬ್ಬರಿಗೆ ಒಂದೊಂದು ಚಿಗರಿ ಬಸ್ ಬಿಟ್ಟಂಗ ಆತಲ್ರಿ, ಧಾರವಾಡಕ್ಕ" ಅಂದ. ನನ್ನ ಪಾಠಯೋಜನೆಯಲ್ಲಿದ್ದ ಉದಾಹರಣೆಯನ್ನು ಅಲ್ಲೇ ಕೈಬಿಟ್ಟೆ.

ಆಮೇಲೆ ‘ಆಕ್’. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಹೋ, ವೈನ್‌ಬರ್ಗರ್, ಕರ್ನಿಘನ್ ರೂಪಿಸಿದ ಭಾಷೆ; ಹೆಸರೂ ಮೂವರ ಮೊದಲಕ್ಷರಗಳಿಂದಲೇ ಬಂದದ್ದು. ಇಲ್ಲಿ ಒಂದೇ ಪ್ರಕ್ರಿಯೆ ಇಡೀ ಫೈಲನ್ನು ಒಮ್ಮೆ ಓದಿ ಕೂಡಿಸುತ್ತದೆ. ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಉತ್ತರ ಬಂತು. ಚಪ್ಪಾಳೆಯೂ ಬಿತ್ತು.

ಒಬ್ಬ ಹುಡುಗಿ ಮಾತ್ರ ಎರಡೂ ಉತ್ತರ ಬರೆದುಕೊಂಡಿದ್ದಳು. "ಮೇಡಂ, ಇದರಾಗ 35 ನಿಮಿಷ ಹೆಚ್ಚ ಬಂದೈತ್ರಿ." ಅವಸರದ್ದೇ ತಪ್ಪಿರಬೇಕು ಎಂದು ತರಗತಿ ನಿರ್ಧರಿಸಿತು. ಫೈಲಿನ ಕೊನೆಯನ್ನು ನೋಡಿಸಿದೆ. ಕೊನೆಯ ಸಾಲಿನ ನಿಮಿಷ 35. ಅದರ ನಂತರ ಹೊಸ ಸಾಲಿನ ಗುರುತು ಇಲ್ಲ. ಹಳೆಯ ಸ್ಕ್ರಿಪ್ಟಿನ ‘ವೈಲ್ ರೀಡ್’ ಲೂಪ್ ಅಂಥ ಸಾಲನ್ನು ಲೆಕ್ಕಕ್ಕೆ ಹಿಡಿಯದೆ ನಿಂತುಬಿಡುತ್ತದೆ, ಆಕ್ ಹಿಡಿಯುತ್ತದೆ. ತಪ್ಪಿದ್ದು ನಿಧಾನದ್ದು.

ಪಾಠ ವೀಕ್ಷಿಸಿದ ಗುರುಗಳು ತಮ್ಮ ಟಿಪ್ಪಣಿಯಲ್ಲಿ, ಕಾಯುವುದರಲ್ಲಿ ಸಮಯ ಹೋಯಿತು, ವೇಗದ ರೂಪವನ್ನೇ ನೇರವಾಗಿ ತೋರಿಸಬಹುದಿತ್ತು ಎಂದು ಬರೆದರು. ಅವಧಿ 40 ನಿಮಿಷದ್ದು, ಅವರ ಮಾತಿನಲ್ಲಿ ತೂಕವಿದೆ. ಆದರೂ ನಾನು ಒಪ್ಪಲಾರೆ. ನಿಧಾನದ್ದು ಪೂರ್ತಿ ಓಡದಿದ್ದರೆ ಹೋಲಿಸಲು ಇನ್ನೊಂದು ಉತ್ತರವೇ ಇರುತ್ತಿರಲಿಲ್ಲ. ಮುಂದಿನ ಪಾಠಯೋಜನೆಯ ವಿದ್ಯಾರ್ಥಿ ಚಟುವಟಿಕೆಯ ಅಂಕಣದಲ್ಲಿ ಒಂದು ಸಾಲು ಸೇರಿಸಿದ್ದೇನೆ: ಎರಡೂ ಉತ್ತರ ಬರೆದುಕೊಳ್ಳುವರು.