ಮಾಡೆಲ್ ಕಂಡಿತ್ತು, ನಾನು ಸುಮ್ಮನಿರಿಸಿದ್ದೆ

ನಮ್ಮ ಲಾಯಿಲಕ್ಕೆ ರೈಲು ಬರುವುದಿಲ್ಲ. ಹತ್ತಬೇಕಾದರೆ ಬಂಟ್ವಾಳಕ್ಕೋ ಸುಬ್ರಹ್ಮಣ್ಯ ರೋಡಿಗೋ ಹೋಗಬೇಕು. ಆದರೂ ಮನೆಯಲ್ಲಿ ರೈಲಿನ ಮಾತಿಗೆ ಬರವಿಲ್ಲ. ಮಾವ ರೈಲ್ವೆಯಲ್ಲಿ ಬೋಗಿ ತಪಾಸಣೆ ಮಾಡಿ ರಿಟೈರ್ ಆದವರು. ನಾನು ಬೆಂಗಳೂರಿನಲ್ಲಿ ಕೂತು, ಹೊರದೇಶದ ಒಂದು ಗೂಡ್ಸ್ ಕಂಪನಿಯ ವ್ಯಾಗನ್‌ಗಳನ್ನು ತಪಾಸಣೆ ಮಾಡುವ ಸಾಫ್ಟ್‌ವೇರ್ ಬರೆಯುವವನು.

ಹಳಿಯ ಪಕ್ಕದ ಕ್ಯಾಮೆರಾ ಓಡುವ ರೈಲಿನ ಫೋಟೊ ತೆಗೆಯುತ್ತದೆ. ಸಡಿಲ ಬೋಲ್ಟು, ನೇತಾಡುವ ಪೈಪು ಕಂಡರೆ ನಮ್ಮ ಮಾಡೆಲ್ ಅಲಾರಂ ಕೊಡುತ್ತದೆ. ಕೆಸರು, ನೆರಳು ಕಂಡರೂ ಕೊಡುತ್ತದೆ, ಅದೇ ತಲೆನೋವು. ಸುಳ್ಳು ಅಲಾರಂ ಜಾಸ್ತಿ ಅಂತ ಕ್ಲೈಂಟ್ ಗೊಣಗಿದಾಗ ನಾನು ಥ್ರೆಶೋಲ್ಡನ್ನು 0.5ರಿಂದ 0.7ಕ್ಕೆ ಏರಿಸಿದೆ. ಅಂದರೆ, ಅಷ್ಟು ಖಾತ್ರಿಯಿದ್ದರೆ ಮಾತ್ರ ಕೂಗು ಅಂತ. ಅಲಾರಂ ಇಳಿಯಿತು. ಎಲ್ಲರೂ ಖುಷ್.

ಮೂರು ವಾರ ಬಿಟ್ಟು, ಮಳೆಗಾಲಕ್ಕೆ ಊರಿಗೆ ಬಂದಿದ್ದಾಗ, ಒಂದು ಮೇಲ್. ಬ್ರೇಕ್ ಬ್ಲಾಕಿನ ಪಿನ್ನು ಬಿದ್ದುಹೋಗಿದ್ದ ವ್ಯಾಗನ್ ನಮ್ಮ ಕ್ಯಾಮೆರಾ ದಾಟಿ ಹೋಗಿತ್ತು. ಮುಂದಿನ ಯಾರ್ಡಿನಲ್ಲಿ ಟಾರ್ಚ್ ಹಿಡಿದ ನೌಕರನೊಬ್ಬನ ಕಣ್ಣಿಗೆ ಬಿತ್ತು, ಪುಣ್ಯ. ಲಾಗ್ ತೆಗೆದು ನೋಡಿದೆ. ಮಾಡೆಲ್ ಅದನ್ನು ಕಂಡಿತ್ತು. ಸ್ಕೋರ್ 0.62.

ಮಾವನಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ, "ನಾವೂ ಬಿಟ್ಟದ್ದುಂಟು ಮಾರಾಯ" ಅಂದರು. ಅವರ ಕಾಲದಲ್ಲಿ ರೈಲು ಸ್ಟೇಷನ್ನಿಗೆ ಬರುವಾಗ ಹಳಿಯ ಎರಡೂ ಬದಿ ಕುಕ್ಕರಗಾಲಲ್ಲಿ ಕೂತು ನೋಡುವುದು, ಕೇಳುವುದು. ಬ್ರೇಕ್ ಹಿಡಿದುಕೊಂಡು ಚಕ್ರ ತಿರುಗದೆ ಜಾರಿದರೆ ಒಂದು ಕಡೆ ಚಪ್ಪಟೆಯಾಗುತ್ತದೆ. ಆಮೇಲೆ ಸುತ್ತು ಸುತ್ತಿಗೂ ಡಗ್ ಡಗ್ ಸದ್ದು. ರೈಲು ನಿಂತ ಮೇಲೆ ಆಕ್ಸಲ್ ಬಾಕ್ಸ್ ಬಿಸಿಯುಂಟಾ ಅಂತ ಕೈಯಿಟ್ಟು ನೋಡುವುದು. ಈಗ ಆ ಏಟನ್ನು ಹಳಿಯಲ್ಲಿ ಕೂರಿಸಿದ ಸೆನ್ಸರ್ ಅಳೆಯುತ್ತದೆ, ಬಿಸಿಯನ್ನು ಇನ್‌ಫ್ರಾರೆಡ್. ಕ್ಯಾಮೆರಾ ತಪಾಸಣೆಗೂ ಭಾರತೀಯ ರೈಲ್ವೆ 2025ರ ಜುಲೈನಲ್ಲಿ ಸರಕು ಕಾರಿಡಾರ್ ನಿಗಮದ ಜೊತೆ ಒಪ್ಪಂದ ಮಾಡಿಕೊಂಡಿದೆ.

"ಅನುಮಾನ ಇದ್ದರೆ ಎಂತ ಮಾಡ್ತಿದ್ರಿ ಮಾವ?"

"ಇನ್ನೊಬ್ಬನನ್ನು ಕರೆದು ತೋರಿಸುವುದು. ಮತ್ತೆಂತ?"

ನಮ್ಮ ಸಾಫ್ಟ್‌ವೇರಿನಲ್ಲಿ ಆ ಇನ್ನೊಬ್ಬ ಇರಲೇ ಇಲ್ಲ! ಅಲಾರಂ, ಇಲ್ಲದಿದ್ದರೆ ಮೌನ. ಅದೇ ವಾರ, ಕರೆಂಟು ಹೋಗಿ ಬಂದು ಮಾಡುವ ನಡುವೆ, 0.5ರಿಂದ 0.7ರ ನಡುವಿನ ಫೋಟೊಗಳನ್ನೆಲ್ಲ ಮುಂದಿನ ಯಾರ್ಡಿಗೆ ಪಟ್ಟಿಯಾಗಿ ಕಳಿಸುವಂತೆ ಕೋಡ್ ಬರೆದೆ. "ಇಷ್ಟನ್ನು ನೋಡುವವರು ಯಾರು?" ಅಂತ ಕ್ಲೈಂಟ್ ಕೇಳಿದರು. ಎರಡು ಮೀಟಿಂಗ್ ಜಗಳದ ನಂತರ, ಬ್ರೇಕಿನ ಭಾಗಗಳಿಗೆ ಮಾತ್ರ ಆಗಬಹುದು ಅಂದಿದ್ದಾರೆ. ಬೇರಿಂಗಿನ ಮಾತು ಮುಂದಿನ ತಿಂಗಳು.